ಬರ್ಲಿನ್‌ನಲ್ಲಿ ಕಂಡ ಊಟದ ಬುಟ್ಟಿ

ಬರ್ಲಿನ್‌ನಲ್ಲಿ ಆರು ದಿನ ಇದ್ದೆ. ಗೋಡೆ ನೋಡಿದೆ, ಬ್ರಾಂಡೆನ್‌ಬರ್ಗ್ ಗೇಟ್ ನೋಡಿದೆ, ಎಲ್ಲರೂ ತೆಗೆಯುವ ಫೋಟೋ ನಾನೂ ತೆಗೆದೆ. ಅದನ್ನೆಲ್ಲ ಬರೆಯುತ್ತಾ ಕೂರುವುದಿಲ್ಲ. ನಾನು ಹೋಗಿದ್ದೇ ಒಂದು ವರ್ಣಚಿತ್ರ ನೋಡೋಕೆ.

ನನ್ನೂರು ಭದ್ರಾವತಿ. ಅಪ್ಪ ಕಬ್ಬಿಣದ ಕಾರ್ಖಾನೆಯ ರೋಲಿಂಗ್ ಮಿಲ್‌ನಲ್ಲಿ, ಅಂದರೆ ಕಾಯ್ದ ಕಬ್ಬಿಣವನ್ನು ರೋಲರ್‌ಗಳ ನಡುವೆ ಒತ್ತುವ ಕಡೆ ಇದ್ದವರು. ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಊರು ಅದು. 1923ರಿಂದ ಅಲ್ಲಿ ಕಬ್ಬಿಣ ಕರಗಿದೆ, ಆದರೆ ನಮ್ಮೂರು ಚಂದ ಅಂತ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಬಂದ ನೆಂಟರು ಎಷ್ಟು ಹೊಗೆ ಅನ್ನುತ್ತಿದ್ದರು, ಆಮೇಲೆ ಜೋಗಕ್ಕೆ ಬಸ್ ಎಷ್ಟೊತ್ತಿಗೆ ಅಂತ ಕೇಳುತ್ತಿದ್ದರು. ಹಾಗಾಗಿ ಹತ್ತೊಂಬತ್ತನೇ ಶತಮಾನದ ಜರ್ಮನ್ ಚಿತ್ರಕಾರ ಅಡಾಲ್ಫ್ ಮೆಂಜೆಲ್ ಬರೆದ ‘ಕಬ್ಬಿಣದ ರೋಲಿಂಗ್ ಮಿಲ್’ ಅನ್ನುವ ಚಿತ್ರವನ್ನು ಮೊದಲ ಸಲ ಫೋನ್‌ನಲ್ಲಿ ನೋಡಿದಾಗಲೇ, ಇದನ್ನು ಎದುರು ನಿಂತು ನೋಡಬೇಕು ಅನ್ನಿಸಿತ್ತು.

ನೋಡೋಕೆ ಮೂರು ದಿನ ಬೇಕಾಯಿತು, ಆ ಸಂಕಟ ಈಗಲೂ ಹೋಗಿಲ್ಲ. ಭಾನುವಾರ ಮ್ಯಾಪ್‌ನಲ್ಲಿ ‘ನ್ಯಾಷನಲ್ ಗ್ಯಾಲರಿ’ ಅಂತ ಹಾಕಿ ಹೊರಟೆ. ಅದು ಪಾಟ್ಸ್‌ಡಾಮರ್ ಪ್ಲಾಟ್ಸ್ ಹತ್ತಿರದ ಗಾಜಿನ ಕಟ್ಟಡಕ್ಕೆ ಕರೆದುಕೊಂಡು ಹೋಯಿತು. ಅದು ‘ನೋಯೆ’, ಅಂದರೆ ಹೊಸದು. ಅಲ್ಲಿರೋದು ಇಪ್ಪತ್ತನೇ ಶತಮಾನದ ಕಲೆ. ನನಗೆ ಬೇಕಾಗಿದ್ದು ಮ್ಯೂಸಿಯಂ ಐಲ್ಯಾಂಡ್‌ನಲ್ಲಿರುವ ‘ಆಲ್ಟೆ’, ಹಳೇದು. ಓಡಿಕೊಂಡು ಅಲ್ಲಿಗೆ ತಲುಪುವ ಹೊತ್ತಿಗೆ ಬಾಗಿಲು ಹಾಕುತ್ತಿದ್ದರು. ಮರುದಿನ ಸೋಮವಾರ, ರಜ! ಹೋಗುವವರು ‘ಆಲ್ಟೆ’ ಅನ್ನುವ ಪದ ನೋಡಿಕೊಂಡು ಹೋಗಿ, ಸೋಮವಾರ ಬಿಟ್ಟು ಹೋಗಿ. ಬ್ಯಾಗ್ ಇಡುವ ಲಾಕರ್‌ಗೆ ಒಂದೆರಡು ಯೂರೋ ನಾಣ್ಯ ಜೇಬಿನಲ್ಲಿರಲಿ.

ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ನಿಂತಿದ್ದೆ. ಒಳಗೆ ಮೆಂಜೆಲ್‌ನ ಇನ್ನೊಂದು ಹೆಸರಾಂತ ಚಿತ್ರವೂ ಇದೆ, ಅರಮನೆಯಲ್ಲಿ ರಾಜ ಫ್ರೆಡ್ರಿಕ್ ಕೊಳಲು ನುಡಿಸುವುದು. ಜನ ಅಲ್ಲೇ ಜಾಸ್ತಿ. ಮೇಣದಬತ್ತಿ, ರೇಷ್ಮೆ, ತೂಗುದೀಪ. ನನಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ.

ರೋಲಿಂಗ್ ಮಿಲ್ ಚಿತ್ರ ಎಂಟು ಅಡಿಗಿಂತ ಅಗಲ, ಐದು ಅಡಿಗಿಂತ ಎತ್ತರ. ನಡುವೆ ಕಾಯ್ದ ಕಬ್ಬಿಣ, ಬೆಳ್ಳಗೆ ಉರಿಯುತ್ತಿದೆ. ಅದನ್ನು ಇಕ್ಕಳದಲ್ಲಿ ಹಿಡಿದು ರೋಲರ್‌ಗೆ ಕೊಡುತ್ತಿದ್ದಾರೆ, ರೈಲು ಹಳಿ ಮಾಡೋಕೆ. ಸುತ್ತ ಎಲ್ಲ ಕಂದು, ಬೂದಿ ಬಣ್ಣ. ಆ ಒಂದು ಬೆಂಕಿಯಿಂದ ಬೆಳಕು ಹೊರಟು ಒಬ್ಬನ ಕೆನ್ನೆ, ಇನ್ನೊಬ್ಬನ ಮೊಣಕೈ ಮುಟ್ಟಿಕೊಂಡು ಹೋಗಿ ಹೊಗೆಯಲ್ಲಿ ಸೇರಿಹೋಗುತ್ತದೆ. ಎಡಗಡೆ ಶಿಫ್ಟ್ ಮುಗಿದವರು ಮೈ ತೊಳೆದುಕೊಳ್ಳುತ್ತಿದ್ದಾರೆ. ಹಿಂದೆ ಎಲ್ಲೋ ಸಣ್ಣದಾಗಿ ಮ್ಯಾನೇಜರ್ ಕಾಣುತ್ತಾನೆ. ಮೆಂಜೆಲ್ 1872ರಲ್ಲಿ ಕ್ಯೋನಿಗ್ಸ್‌ಹ್ಯೂಟೆಗೆ (ಈಗ ಪೋಲೆಂಡ್‌ನ ಖೋಜುಫ್) ಹೋಗಿ, ಕಾರ್ಖಾನೆಯೊಳಗೆ ನಿಂತು ನೂರಕ್ಕೂ ಜಾಸ್ತಿ ಸ್ಕೆಚ್ ಹಾಕಿದ. ಚಿತ್ರ ಮುಗಿದಿದ್ದು 1875ರಲ್ಲಿ. ನಾಲ್ಕೂವರೆ ಅಡಿ ಎತ್ತರದ ಮನುಷ್ಯ, ಅರವತ್ತರ ಹತ್ತಿರದ ವಯಸ್ಸು, ಆ ಸೆಕೆಯಲ್ಲಿ.

ಈ ಚಿತ್ರಕ್ಕೆ ‘ಆಧುನಿಕ ಸೈಕ್ಲೋಪ್‌ಗಳು’ ಅಂತ ಇನ್ನೊಂದು ಹೆಸರಿದೆ. ಗ್ರೀಕ್ ಕಥೆಯ ಒಕ್ಕಣ್ಣಿನ ದೈತ್ಯರು. ಆ ಹೆಸರು ನನಗೆ ಇಷ್ಟವಾಗಲಿಲ್ಲ. ಕಾರ್ಮಿಕರನ್ನು ಪೈಲ್ವಾನರ ಹಾಗೆ ಎದೆ ಉಬ್ಬಿಸಿ ನಿಲ್ಲಿಸುವ ಪೋಸ್ಟರ್‌ಗಳೂ ಅಷ್ಟೇ, ಹಿಡಿಸುವುದಿಲ್ಲ. ಇಲ್ಲಿರೋರು ಸುಸ್ತಾದ ಮನುಷ್ಯರು ಅಲ್ವಾ.

ಪಕ್ಕದ ಬೆಂಚಿನಲ್ಲಿ ಎಂಬತ್ತರ ಆಸುಪಾಸಿನ ಅಜ್ಜ ಒಬ್ಬರು ಕೂತಿದ್ದರು, ಜೊತೆಗೆ ಮೊಮ್ಮಗಳು. ನಾನು ಅಷ್ಟು ಹೊತ್ತು ಕದಲದೇ ಇದ್ದದ್ದು ನೋಡಿ ಆ ಹುಡುಗಿಯೇ ಮಾತಾಡಿಸಿದಳು. ಅಜ್ಜ ಬರ್ಲಿನ್ ಪಕ್ಕದ ಹೆನ್ನಿಗ್ಸ್‌ಡಾರ್ಫ್‌ನ ಉಕ್ಕಿನ ಕಾರ್ಖಾನೆಯಲ್ಲಿ ರೋಲಿಂಗ್ ಮಿಲ್‌ನಲ್ಲೇ ಇದ್ದವರಂತೆ. ಅಪ್ಪನೂ ಅದೇ ಕೆಲಸ ಅಂದೆ. ಅಜ್ಜ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಜರ್ಮನ್, ಅವಳ ಇಂಗ್ಲಿಷ್, ನನ್ನ ತಲೆಯೊಳಗಿನ ಕನ್ನಡ, ಹೀಗೆ ಮಾತು ನಿಧಾನಕ್ಕೆ ಸಾಗಿತು.

“ಇದರಲ್ಲಿ ಸದ್ದೊಂದಿಲ್ಲ. ಮಿಕ್ಕಿದ್ದೆಲ್ಲ ಇದೆ” ಅಂದರು. ಆಮೇಲೆ ಇಕ್ಕಳ ಹಿಡಿದವರ ಕಾಲು ತೋರಿಸಿದರು. “ಹೇಗೆ ಅಗಲಿಸಿ ನಿಂತಿದ್ದಾರೆ ನೋಡಿ. ಕಾಯ್ದ ಕಬ್ಬಿಣದ ಬಾರ್ ತಪ್ಪಿದರೆ ಯಾವ ಕಡೆ ಹಾರಬೇಕು ಅಂತ ಕಾಲಿಗೆ ಮೊದಲೇ ಗೊತ್ತಿರುತ್ತದೆ. ಇದನ್ನು ಬರೆದವನು ಸುಮ್ನೆ ಬಂದು ಹೋದವನಲ್ಲ.” ಅಪ್ಪ ಮನೆಯಲ್ಲಿ ಅಡುಗೆ ಒಲೆಯ ಮುಂದೆ ನಿಲ್ಲುವಾಗಲೂ ಕಾಲು ಹಾಗೇ ಇಡುತ್ತಿದ್ದರು, ನಾವು ನಗುತ್ತಿದ್ದೆವು.

ನಿಮ್ಮೂರ ಕಾರ್ಖಾನೆ ನಡೀತಿದೆಯಾ ಅಂತ ಕೇಳಿದರು. 2023ರಲ್ಲಿ ಮುಚ್ಚುತ್ತೇವೆ ಅಂದಿದ್ದು, ಕಾರ್ಮಿಕರು ಧರಣಿ ಕೂತಿದ್ದು ಹೇಳಿದೆ. ಮೊಮ್ಮಗಳು ಅದನ್ನು ಜರ್ಮನ್‌ನಲ್ಲಿ ಹೇಳಿದ ಮೇಲೆ ಅಜ್ಜ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಹೋಗುವ ಮುಂಚೆ ಬಲಗಡೆಯ ಕೆಳಮೂಲೆ ತೋರಿಸಿ, ಅಲ್ಲಿ ನೋಡಿದಿರಾ ಅಂದರು.

ಅಲ್ಲಿ ಒಂದು ತಗಡಿನ ಮರೆ. ಅದರ ಹಿಂದೆ ಮೂರ್ನಾಲ್ಕು ಜನ ಊಟಕ್ಕೆ ಕೂತಿದ್ದಾರೆ, ಒಬ್ಬ ಬಾಟಲಿ ಎತ್ತಿ ಕುಡಿಯುತ್ತಿದ್ದಾನೆ. ಬುಟ್ಟಿಯಲ್ಲಿ ಊಟ ತಂದ ಒಬ್ಬ ಹುಡುಗಿ ಅದರ ಮೇಲೆ ಬಾಗಿದ್ದಾಳೆ, ತಲೆಯೆತ್ತಿ ನೇರ ನಮ್ಮನ್ನೇ ನೋಡುತ್ತಿದ್ದಾಳೆ. ಎಲ್ಲರೂ ತಮ್ಮ ಕೆಲಸದಲ್ಲಿರುವಾಗ ಅವಳೊಬ್ಬಳು.

ಆ ಮೇಲೆ ನಾನು ಬೇರೆ ಯಾವ ಕೋಣೆಗೂ ಹೋಗಲಿಲ್ಲ.

ಅಮ್ಮ ಎಷ್ಟು ವರ್ಷ ಕ್ಯಾರಿಯರ್ ಹಿಡಿದು ಗೇಟಿನ ಹತ್ತಿರ ನಿಂತಿದ್ದಾರೋ ಲೆಕ್ಕವಿಲ್ಲ. ರಾತ್ರಿ ಫೋಟೋ ಕಳಿಸಿ ಫೋನ್ ಮಾಡಿದೆ. ನೀವು ಯಾವತ್ತಾದರೂ ಒಳಗೆ ಹೋಗಿ ನೋಡಿದ್ದಿರಾ ಅಂತ ಕೇಳಿದೆ. “ಆಯುಧಪೂಜೆಗೆ ಬಿಡುತ್ತಿದ್ದರು ಕಣೋ. ಮಿಷನ್‌ಗೆಲ್ಲ ಹೂವು, ಕುಂಕುಮ. ಅವತ್ತು ಎಲ್ಲ ನಿಲ್ಲಿಸಿರುತ್ತಿದ್ದರಲ್ಲ, ಬೆಂಕಿ ನೋಡೋಕೆ ಸಿಕ್ಕಿಲ್ಲ” ಅಂದರು. ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದರು ಅನ್ನಿಸುತ್ತದೆ, ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, “ಆ ಹುಡುಗಿ ಬುಟ್ಟಿಯಲ್ಲಿ ಏನು ತಂದಿದ್ದಾಳೆ?”

ಗೊತ್ತಾಗುವುದಿಲ್ಲಮ್ಮ ಅಂದೆ.

“ಬಿಸಿ ಇದ್ದಾಗಲೇ ತಂದಿರುತ್ತಾಳೆ ಬಿಡು.”