ತಿದಿಯ ದಿಕ್ಕು

ಹನ್ನೆರಡು ವರ್ಷ ಬಿ/ಸಿ ಅಕಾರ್ಡಿಯನ್ (ಒಂದು ಸಾಲು ಗುಂಡಿ ಬಿ ಶ್ರುತಿಯದು, ಇನ್ನೊಂದು ಸಿಯದು) ನುಡಿಸಿದ ಕೈಗೆ ಇಂದು ಸಿ ಶಾರ್ಪ್/ಡಿ ವಾದ್ಯವನ್ನು ಕೊಟ್ಟೆ. ಐರ್ಲೆಂಡಿನ ಗಾಲ್ವೇಯ ಈ ಮಳೆಯ ಸಂಜೆ ಪೂರ್ತಿ ಡಿ ಎಂಬ ಒಂದೇ ಸ್ವರದ ಬಳಿ ಕಳೆಯಿತು.

ಹಳೆಯದರಲ್ಲಿ ತಿದಿಯನ್ನು ಎಳೆದಾಗ ಹುಟ್ಟುತ್ತಿದ್ದ ಆ ಸ್ವರ ಇದರಲ್ಲಿ ಒತ್ತಿದಾಗ ಹುಟ್ಟುತ್ತದೆ. ಎರಡು ಸಾಲುಗಳ ನಡುವೆ ದಾಟುತ್ತ, ಉದ್ದನೆಯ ಎಳೆತಗಳಲ್ಲಿ ಜಾರುತ್ತಿದ್ದ ನನ್ನ ರೀಲ್ ಎಂಬ ಐರಿಷ್ ಕುಣಿತದ ಧಾಟಿ, ಇಲ್ಲಿ ಒಳಸಾಲಿನಲ್ಲೇ ನಿಂತು ಪುಟ್ಟ ಪುಟ್ಟ ಉಸಿರುಗಳಾಗಿ ಒಡೆಯಿತು. ಬಿ/ಸಿ ವಾದಕ ಜೋ ಬರ್ಕ್ ಅವರ ನುಣುಪಿಗೂ ಸಿ ಶಾರ್ಪ್/ಡಿ ವಾದಕ ಜಾಕಿ ಡ್ಯಾಲಿ ಅವರ ಪೋಲ್ಕಾ ಕುಣಿತದ ಧಾಟಿಗಳ ಪುಟಿತಕ್ಕೂ ಇರುವ ಅಂತರದಲ್ಲಿ ಒಂದು ಪಾಲು ತಿದಿಯದ್ದೆಂದು ಕಿವಿಗೆ ಮೊದಲೇ ಗೊತ್ತಿತ್ತು, ಇಂದು ಮಣಿಕಟ್ಟಿಗೂ ಗೊತ್ತಾಯಿತು.

ಬಲಗೈ ಬೆರಳುಗಳು ಬೇಗ ಒಪ್ಪಿಕೊಂಡವು. ಎಡಗೈ ಮಾತ್ರ, ಡಿ ಬಂದಾಗಲೆಲ್ಲ, ರಾತ್ರಿ ಹತ್ತರವರೆಗೂ ಎಳೆಯಲು ಹೊರಡುತ್ತಲೇ ಇತ್ತು.