ಲಿಂಕ್ ತೆರೆಯುತ್ತದೆ, ಡೇಟಾ ಹಳೇದು

ಕಳೆದ ವಾರ ಪೂರ್ತಿ ಒಂದೇ ಒಂದು ಡೇಟಾಸೆಟ್‌ನ ಹಿಂದೆ ಬಿದ್ದಿದ್ದೆ. ಸರ್ಕಾರಿ ಇಲಾಖೆಯೊಂದರ ಮುಕ್ತ ಡೇಟಾ ಕ್ಯಾಟಲಾಗ್ (ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಡೇಟಾದ ಪಟ್ಟಿ) ಮೇಲೆ ಕಣ್ಣಿಡುವುದು ನನ್ನ ಕೆಲಸ. ಡ್ಯಾಶ್‌ಬೋರ್ಡ್‌ನಲ್ಲಿ ಆ ಡೇಟಾಸೆಟ್ ಎದುರು ಹಸಿರು ಗುರುತಿತ್ತು. ಲಿಂಕ್ ಒತ್ತಿದರೆ ಸರ್ವರ್ 200, ಅಂದರೆ ‘ಎಲ್ಲ ಸರಿ’, ಅಂತ ಉತ್ತರ ಕೊಡುತ್ತಿತ್ತು. ಅಪ್‌ಡೇಟ್ ಆದ ದಿನಾಂಕ ಹಿಂದಿನ ದಿನದ್ದು. ಆದರೂ ಒಬ್ಬರು ‘ಇದರಲ್ಲಿ ಹೊಸದೇನೂ ಇಲ್ವಲ್ಲ’ ಅಂತ ಪತ್ರ ಬರೆದಿದ್ದರು.

ಸಿಎಸ್‌ವಿ ಫೈಲ್ (ಸಾಲು, ಕಾಲಂಗಳಿರುವ ಸರಳ ಪಠ್ಯದ ಕೋಷ್ಟಕ) ಇಳಿಸಿಕೊಂಡು ನೇರ ಕೊನೆಯ ಸಾಲಿಗೆ ಹೋದೆ. ಅಲ್ಲಿದ್ದದ್ದು 14 ತಿಂಗಳ ಹಿಂದಿನ ದಾಖಲೆ. ಅದರಾಚೆ ಏನೂ ಇಲ್ಲ. ದಿನವೂ ರಾತ್ರಿ ಓಡುವ ಸ್ಕ್ರಿಪ್ಟ್ ಒಂದು ಅದೇ ಹಳೆಯ ಫೈಲನ್ನು ಮತ್ತೆ ಮತ್ತೆ ಏರಿಸುತ್ತಿತ್ತು. ಏರಿಸಿದಾಗಲೆಲ್ಲ ದಿನಾಂಕ ತಾನಾಗಿ ಬದಲಾಗುತ್ತಿತ್ತು. ಪತ್ರ ಬರೆದವರು 14 ತಿಂಗಳಿಂದ ಕಾಯುತ್ತಿದ್ದಿರಬಹುದು ಅನ್ನಿಸಿ ಬೇಜಾರಾಯಿತು.

ಇಂಥ ಕೆಲಸಕ್ಕೆ ಒಳ್ಳೆಯ ಉಪಕರಣಗಳು ಇಲ್ಲದೇ ಇಲ್ಲ. ಪೋರ್ಟಲ್ ನಡೆಸಲು ಸೀಕ್ಯಾನ್ ಅನ್ನುವ ತಂತ್ರಾಂಶ ಇದೆ, ಓಪನ್ ನಾಲೆಡ್ಜ್ ಫೌಂಡೇಶನ್ ಶುರು ಮಾಡಿದ್ದು. ಕ್ಯಾಟಲಾಗ್‌ನಲ್ಲಿ ಏನೇನು ಬರೆಯಬೇಕು ಅನ್ನುವುದಕ್ಕೆ ಡೀಕ್ಯಾಟ್ ಅನ್ನುವ ಮಾದರಿ ಇದೆ, 2014ರಿಂದ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿಯ ಶಿಫಾರಸು. ಕಾಲಂ ಹೆಸರು, ದಿನಾಂಕದ ಮಾದರಿ ಸರಿ ಇದೆಯೇ ಅಂತ ನೋಡಲು ಫ್ರಿಕ್ಷನ್‌ಲೆಸ್ ಇದೆ.

ಯೋಜನೆಯ ವಿಷಯಕ್ಕೆ ಬಂದರೆ ನನಗೆ ಬಹಳ ಹಿಡಿಸಿದ್ದು ಅಮೆರಿಕ 2013ರಲ್ಲಿ ತಂದ ಮುಕ್ತ ಡೇಟಾ ನೀತಿ. ಪ್ರತಿ ಸಂಸ್ಥೆಯೂ ತನ್ನ ಬಳಿ ಇರುವ ಎಲ್ಲ ಡೇಟಾಸೆಟ್‌ಗಳ ಪಟ್ಟಿ ಮಾಡಬೇಕು. ಪ್ರಕಟವಾದವು ಮಾತ್ರ ಅಲ್ಲ, ಪ್ರಕಟಿಸಲು ಆಗದವೂ ಅದರಲ್ಲಿ ಇರಬೇಕು. ಪ್ರತಿಯೊಂದಕ್ಕೂ ಸಾರ್ವಜನಿಕ, ನಿರ್ಬಂಧಿತ, ಸಾರ್ವಜನಿಕವಲ್ಲ ಅಂತ ಗುರುತು. ಏನಿದೆ ಅಂತ ಗೊತ್ತಿಲ್ಲದೆ ಏನನ್ನು ಯಾವಾಗ ಕೊಡಬೇಕು ಅಂತ ಯೋಚಿಸುವುದು ಹೇಗೆ, ಅಲ್ವಾ?

ಅದೇ ಪಟ್ಟಿಯಲ್ಲಿ ಇನ್ನೊಂದು ಖಾನೆ ಇದೆ: ಎಷ್ಟು ದಿನಕ್ಕೊಮ್ಮೆ ಅಪ್‌ಡೇಟ್ ಮಾಡುತ್ತೇವೆ ಅನ್ನುವುದು. ‘ಆರ್/ಪಿ1ಎಂ’ ಅಂತಿದ್ದರೆ ತಿಂಗಳಿಗೊಮ್ಮೆ. ನನ್ನ ಪ್ರಕಾರ ಇಡೀ ಕ್ಯಾಟಲಾಗ್‌ನಲ್ಲಿ ಇದಕ್ಕಿಂತ ಮುಖ್ಯವಾದ ಖಾನೆ ಇಲ್ಲ. ಅದು ಇಲಾಖೆ ಜನರಿಗೆ ಕೊಟ್ಟ ಮಾತು. ಆದರೆ ನಾನು ಬಳಸಿದ ಉಪಕರಣಗಳು ಖಾನೆ ತುಂಬಿದೆಯೇ ಅಂತ ನೋಡುತ್ತವೆ, ಮಾತು ಉಳಿಯಿತೇ ಅಂತ ನೋಡುವುದು ಕಡಿಮೆ. ಯುರೋಪಿನ ಡೇಟಾ ಪೋರ್ಟಲ್ ಮೆಟಾಡೇಟಾ (ಡೇಟಾಸೆಟ್ ಬಗ್ಗೆ ಕ್ಯಾಟಲಾಗ್‌ನಲ್ಲಿ ಬರೆದ ವಿವರ) ಗುಣಮಟ್ಟಕ್ಕೆ 405 ಅಂಕಗಳ ಅಳತೆ ಇಟ್ಟುಕೊಂಡಿದೆ. ತುಂಬಾ ಉಪಯುಕ್ತ ಅಳತೆ. ಅದರಲ್ಲೂ ಅಪ್‌ಡೇಟ್ ದಿನಾಂಕ ನಮೂದಿಸಿದ್ದಕ್ಕೆ 5 ಅಂಕ ಸಿಗುತ್ತದೆ. ಆ ದಿನಾಂಕ ಎಲ್ಲಿಂದ ಬಂತು ಅನ್ನುವುದು ಬೇರೆಯೇ ಪ್ರಶ್ನೆ.

ಹಾಗಾಗಿ ನಮ್ಮ ಡ್ಯಾಶ್‌ಬೋರ್ಡ್‌ಗೆ ಎರಡು ಪರೀಕ್ಷೆ ಸೇರಿಸಿದೆ. ಮೊದಲನೆಯದು, ಫೈಲಿನ ಚೆಕ್‌ಸಮ್ (ಒಳಗಿರುವುದರಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ತೆಗೆದು ಹಿಂದಿನ ಸಲದ್ದಕ್ಕೆ ಹೋಲಿಸುವುದು. ದಿನಾಂಕ ಬದಲಾಗಿ ಚೆಕ್‌ಸಮ್ ಹಾಗೇ ಉಳಿದರೆ ಒಳಗೆ ಒಂದಕ್ಷರವೂ ಬದಲಾಗಿಲ್ಲ ಅಂತ ಅರ್ಥ. ಇಷ್ಟೇ ಸಾಲದು. ವರ್ಷಕ್ಕೊಮ್ಮೆ ಬರುವ ಫೈಲ್ 11 ತಿಂಗಳು ಹಾಗೇ ಇದ್ದರೆ ಅದು ತಪ್ಪಲ್ಲ. ಅದಕ್ಕೆ ಎರಡನೆಯ ಪರೀಕ್ಷೆ: ಫೈಲ್ ಒಳಗಿನ ದಿನಾಂಕದ ಕಾಲಂ ಓದಿ, ಎಲ್ಲಕ್ಕಿಂತ ಈಚಿನದ್ದನ್ನು ಹುಡುಕಿ, ಕೊಟ್ಟ ಮಾತಿನ ಜೊತೆ ತಾಳೆ ನೋಡುವುದು. ಲೆಕ್ಕ ಒಟ್ಟುಮಾಡಲು ಸಮಯ ಬೇಕಲ್ಲ, ಅದಕ್ಕೆ ತಿಂಗಳ ಫೈಲ್‌ಗಳಿಗೆ 20 ದಿನ ಜಾಸ್ತಿ ಬಿಟ್ಟಿದ್ದೇನೆ.

ಮೊದಲ ದಿನವೇ ನಮ್ಮ ಹಸಿರು ಗುರುತುಗಳಲ್ಲಿ ಒಂಬತ್ತು ಕೆಂಪಾದವು. ಇಲಾಖೆಯವರು ಬೇಸರ ಮಾಡಿಕೊಳ್ಳುತ್ತಾರೇನೋ ಅಂತ ಅಳುಕಿತ್ತು. ಫೋನ್ ಮಾಡಿದೆ. ಆ ಕಡೆಯವರು ಸಮಾಧಾನವಾಗಿ ಕೇಳಿಸಿಕೊಂಡರು. ಮೊದಲು ಇದನ್ನು ನೋಡಿಕೊಳ್ಳುತ್ತಿದ್ದವರಿಗೆ ವರ್ಗವಾಗಿತ್ತಂತೆ. ಹೊಸ ಲೆಕ್ಕ ಬೇರೊಂದು ಫೋಲ್ಡರ್‌ಗೆ ಬಂದು ಬೀಳುತ್ತಿದ್ದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಪಟ್ಟಿಯಲ್ಲಿ ಹೊಣೆಗಾರರ ಹುದ್ದೆ ಮತ್ತು ಮುಂದಿನ ಗಡುವು, ಈ ಎರಡು ಖಾನೆ ಸೇರಿಸಲು ಅವರೇ ಹೇಳಿದರು. ಅವತ್ತೇ ಸೇರಿಸಿದೆವು.

ಎರಡು ದಿನದಲ್ಲಿ ಹೊಸ ಫೈಲ್ ಬಂತು. ಕೊನೆಯ ಸಾಲು ಹೋದ ತಿಂಗಳದ್ದು. ಪತ್ರ ಬರೆದವರಿಗೆ ತಿಳಿಸಿದೆ. ನಡುವೆ ಮೂರು ತಿಂಗಳ ಲೆಕ್ಕ ಇನ್ನೂ ಸಿಕ್ಕಿಲ್ಲ. ಅದು ಸಿಗುವವರೆಗೆ ಆ ಡೇಟಾಸೆಟ್ ಎದುರು ಹಳದಿ ಗುರುತನ್ನೇ ಇಟ್ಟಿದ್ದೇನೆ.