ದ್ವಾರಕೆಯ ಹಡಗು ದಾಟಿದ ನೀರಿಗೆ ಅಮ್ಮನ ತೆಂಗಿನಕಾಯಿ

ಅಮ್ಮನ ಪಾರ್ಸೆಲ್ ಬಂದದ್ದು ಶ್ರಾವಣದ ಹುಣ್ಣಿಮೆಗೆ ಮೂರು ದಿನ ಮೊದ್ಲು, ಉಡುಪಿಯ ನೈಟ್ ಬಸ್ಸಲ್ಲಿ. ಹಪ್ಪಳ, ತೆಂಗಿನೆಣ್ಣೆ, ಒಣ ಸಿಗಡಿ, ಎಲ್ಲದರ ಮಧ್ಯೆ ಹಳೆ ಪಂಚೆ ತುಂಡಲ್ಲಿ ಸುತ್ತಿದ ಒಂದು ತೆಂಗಿನಕಾಯಿ. ಮುಂಬೈಯಲ್ಲಿ ತೆಂಗಿನಕಾಯಿ ಸಿಗುದಿಲ್ವಾ ಅಮ್ಮ ಅಂತ ಫೋನಲ್ಲಿ ನಗಾಡಿದ್ರೆ, "ಸಿಗ್ತದೆ, ಅದು ನಮ್ಮ ಮರದ್ದಲ್ಲ" ಅಂದ್ರು. "ಜುಟ್ಟು ತೆಗಿಬೇಡ. ಹುಣ್ಣಿಮೆ ದಿನ ಅಲ್ಲಿನ ಕಡಲಿಗೆ ಕೊಡು, ನೆನಪುಂಟಲ್ಲ ನಿಂಗೆ?"

ನೆನಪಿಲ್ಲದೆ ಎಂತ. 2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು, ಅದರಲ್ಲಿದ್ದ ಏಳು ಜನ, ನಮ್ಮ ಕರಾವಳಿಯಲ್ಲಿ ಈ ಕಥೆ ಗೊತ್ತಿಲ್ಲದ ಮನೆ ಇಲ್ಲ. ತಿಂಗಳುಗಟ್ಲೆ ಹುಡುಕಿ ಹುಡುಕಿ ಕಡೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಬೋಟಿನ ಅವಶೇಷ ಸಿಕ್ಕಿದ್ದು ಮಹಾರಾಷ್ಟ್ರದ ಮಾಲ್ವಣದ ಹೊರಗೆ, ನೀರಿನಡಿಯಲ್ಲಿ. ಅದರಲ್ಲಿ ನಮ್ಮ ಸಂಬಂಧದವರು ಯಾರೂ ಇರ್ಲಿಲ್ಲ, ಆದ್ರೂ ಅಷ್ಟೂ ತಿಂಗಳು ಅಮ್ಮ ರಾತ್ರಿ ಅಂಗಳದ ಲೈಟ್ ಆಫ್ ಮಾಡ್ಲಿಲ್ಲ, ಕೇಳಿದ್ರೆ ಕರೆಂಟ್ ಬಿಲ್ ನಾನು ಕಟ್ಟುದಲ್ವಾ ಅನ್ನುದು. ಆಗ ಹೇಳ್ಕೊಂಡ ಹರಕೆ ಇದು. ಒಬ್ಬರಾದ್ರೂ ತಿರುಗಿ ಬರ್ಲಿ, ವರ್ಷಕ್ಕೊಂದು ಕಾಯಿ ಕೊಡ್ತೇನೆ ಅಂತ.

ಯಾರೂ ಬರ್ಲಿಲ್ಲ. ಹಾಗಾದ್ರೆ ಹರಕೆ ತೀರಿಸುದು ಯಾಕೆ ಅಂತ ನಾನು ದೊಡ್ಡ ಲೆಕ್ಕ ಗೊತ್ತಿದ್ದವಳ ಹಾಗೆ ಕೇಳಿದ್ದೆ. ಅಮ್ಮನಿಗೆ ಸಿಟ್ಟು ಬಂದದ್ದು ಗೊತ್ತಾಯ್ತು. "ಅವರು ಈಗ ಆ ಬದಿಯ ನೀರಲ್ಲಿ ಅಲ್ವಾ ಇರುದು, ಅವರಿಗೆ ಹುಣ್ಣಿಮೆಗೆ ಕಾಯಿ ಕೊಡ್ಲಿಕ್ಕೆ ಯಾರಿದ್ದಾರೆ ಅಲ್ಲಿ? ನೀನಿದ್ದಿ" ಅಂದ್ರು. ಆಮೇಲೆ ಪ್ರತಿ ವರ್ಷ ನೆನಪು ಮಾಡುದು, ನಾನು ಜುಹೂ ಬೀಚಿಗೆ ಹೋಗಿ ಹಾಕಿ ಬಂದೆ ಅನ್ನುದು. ಹೋಗಿರ್ಲಿಲ್ಲ ಮಾರಾಯ್ರೆ, ಒಂದು ವರ್ಷವೂ ಹೋಗಿರ್ಲಿಲ್ಲ. ಆಫೀಸು, ಮಳೆ, ಮಗಳ ಯೂನಿಟ್ ಟೆಸ್ಟು, ಏನಾದ್ರೊಂದು ಇದ್ದೇ ಇರ್ತದೆ. ಆದ್ರೆ ಊರಿನ ಕಾಯಿಯೇ ಅಡುಗೆಮನೆ ಕಟ್ಟೆ ಮೇಲೆ ಬಂದು ಕೂತ ಮೇಲೆ ಎಂತ ಮಾಡುದು, ಅದನ್ನು ತುರಿದು ಪಲ್ಯಕ್ಕೆ ಹಾಕ್ಲಿಕ್ಕಾಗ್ತದಾ?

ಮುಂಬೈಯಲ್ಲಿ 2025ರ ನಾರಳಿ ಹುಣ್ಣಿಮೆ, ಅಂದ್ರೆ ಕಡಲಿಗೆ ಕಾಯಿ ಕೊಡುವ ಹುಣ್ಣಿಮೆ, ಆಗಸ್ಟ್ 8, ಶುಕ್ರವಾರ, ಆಫೀಸಿಗೆ ರಜೆ ಹಾಕಿದ್ದೆ. ಹಾಗಾಗಿ ನೆಪ ಇರ್ಲಿಲ್ಲ. ಮರೋಲ್ ನಾಕಾದಿಂದ ಭೂಮಿಯಡಿಯ ಹೊಸ ಮೆಟ್ರೋ ಹತ್ತಿದೆ, ಮರುದಿನ ರಕ್ಷಾಬಂಧನ ಅಲ್ವಾ, ಬೋಗಿ ತುಂಬ ಸ್ವೀಟ್ ಬಾಕ್ಸ್ ಹಿಡ್ಕೊಂಡ ಅಕ್ಕತಂಗಿಯರು, ನಾನೊಬ್ಬಳು ತೊಡೆ ಮೇಲೆ ಪಂಚೆ ಗಂಟು ಇಟ್ಕೊಂಡು. ವರ್ಲಿಯಲ್ಲಿ ಇಳಿದು ಟ್ಯಾಕ್ಸಿಯವನಿಗೆ ಮೀನುಗಾರರ ಕೇರಿಯಾದ ಕೋಳಿವಾಡಕ್ಕೆ ಅಂದ್ರೆ ಅವ ಅರ್ಧ ದಾರಿಗೇ ನಿಲ್ಲಿಸಿದ, ಒಳಗೆ ಗಾಡಿ ಹೋಗುದಿಲ್ಲ ಇವತ್ತು ಅಂತ. ಸರಿ, ನಡೆದೆ.

ಜುಹೂ ಬಿಟ್ಟು ವರ್ಲಿಗೇ ಯಾಕೆ ಅಂದ್ರೆ, ಕಡಲಿಗೆ ಕಾಯಿ ಕೊಡುದು ಕಡಲನ್ನು ನಂಬಿದವರ ಜೊತೆ ನಿಂತು ಕೊಡ್ಬೇಕು ಅಂತ ನಂಗೆ ಅನ್ನಿಸಿತ್ತು, ಭೇಲ್‌ಪುರಿ ತಿನ್ನುವವರ ಮಧ್ಯೆ ಅಲ್ಲ. ಮುಂಬೈಗೆ ಹೆಸರು ಕೊಟ್ಟ ಮುಂಬಾದೇವಿಯೇ ಕೋಳಿ ಜನರ, ಅಂದ್ರೆ ಇಲ್ಲಿನ ಮೂಲ ಮೀನುಗಾರರ ದೇವಿ. ನಾವು ಬಂದದ್ದೆಲ್ಲ ಆಮೇಲೆ. ನಮ್ಮ ಅಜ್ಜನ ಕಾಲದವರು ಆಗಬೋಟಲ್ಲಿ, ಅಂದ್ರೆ ಉಗಿಹಡಗಲ್ಲಿ ಬಂದವರು, ಅದಕ್ಕೂ ಮೊದ್ಲು ಮಂಗಳೂರು ಹಂಚು ತುಂಬಿಕೊಂಡು ಮಂಜಿ ಅನ್ನುವ ಹಾಯಿ ಹಡಗುಗಳು ಇದೇ ದಾರಿಯಲ್ಲಿ ಬರ್ತಿದ್ದವು. ನಮ್ಮ ಕರಾವಳಿಯ ಮೀನುಗಾರರಾದ ಮೊಗವೀರರು ಇಲ್ಲಿ ತಮ್ಮದೇ ಮಂಡಳಿ ಕಟ್ಟಿಕೊಂಡದ್ದು 1902ರಲ್ಲಿ, ಅಂದ್ರೆ ಎಷ್ಟು ಹಿಂದಿನಿಂದ ಇದ್ದೇವೆ ನೋಡಿ. ಇದ್ದೂ ನಾನು ಈ ಗಲ್ಲಿಯೊಳಗೆ ಕಾಲಿಟ್ಟದ್ದು ಅದೇ ಮೊದ್ಲು.

ಎರಡು ಜನ ಎದುರುಬದರು ಬಂದ್ರೆ ಒಬ್ಬರು ಹೊಸ್ತಿಲು ಹತ್ತಿ ನಿಲ್ಬೇಕು, ಅಷ್ಟು ಅಗಲದ ಗಲ್ಲಿ. ಪ್ರತಿ ಮನೆಯಿಂದ ನಾರಳಿ ಭಾತ್‌ನ, ಅಂದ್ರೆ ತೆಂಗಿನಕಾಯಿ ಸಿಹಿ ಅನ್ನದ ವಾಸನೆ, ಬೆಲ್ಲ, ಏಲಕ್ಕಿ, ತುಪ್ಪದಲ್ಲಿ ಬಾಡಿದ ಲವಂಗ. ಮೊದ್ಲು ಗೋಲ್ಫಾದೇವಿ ಗುಡಿಗೆ ಹೋದೆ. ಒಳಗೆ ಗೋಲ್ಫಾದೇವಿ, ಸಾಕ್ಬಾದೇವಿ, ಹರ್ಬಾದೇವಿ ಮೂವರೂ ಒಟ್ಟಿಗೆ ಇರುದು. ಇಲ್ಲಿ ಕೌಲ, ಅಂದ್ರೆ ದೇವಿಯ ಉತ್ತರ ಕೇಳ್ತಾರೆ, ನಮ್ಮೂರಲ್ಲಿ ಹೂವಿನ ಪ್ರಸಾದ ಕೇಳಿದ ಹಾಗೆ. ನಂಗೂ ಒಂದು ಕೇಳ್ಬೇಕು ಅಂತ ಬಾಯಿವರೆಗೆ ಬಂತು, ಇಷ್ಟು ವರ್ಷ ಅಮ್ಮನ ಹತ್ರ ಸುಳ್ಳು ಹೇಳಿದ್ದಕ್ಕೆ ಎಂತ ಅಂತ. ಕೇಳ್ಲಿಲ್ಲ, ಧೈರ್ಯ ಬರ್ಲಿಲ್ಲ. ಕುಂಕುಮ ತಗೊಂಡು ಹೊರಗೆ ಬಂದೆ.

ಇಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಮಹಾಲಕ್ಷ್ಮಿ ಗುಡಿ ಉಂಟಲ್ಲ, ಆ ದೇವಿಯ ಕಥೆಯೂ ಇದೇ ನೀರಿನದ್ದು. 18ನೇ ಶತಮಾನದಲ್ಲಿ ಬ್ರಿಟಿಷರು ವರ್ಲಿಗೂ ಅತ್ಲಾಗಿನ ದ್ವೀಪಕ್ಕೂ ನಡುವೆ ಒಡ್ಡು ಕಟ್ಟಿಸುವಾಗ ಕಟ್ಟಿದ್ದು ಕಟ್ಟಿದ ಹಾಗೆ ಕುಸಿತಾ ಇತ್ತಂತೆ, ಕಡೆಗೆ ರಾಮ್‌ಜಿ ಶಿವ್‌ಜಿ ಅನ್ನುವ ಪ್ರಭು ಎಂಜಿನಿಯರ್ ಕನಸಲ್ಲಿ ದೇವಿ ಬಂದು ನಾನು ವರ್ಲಿ ಹತ್ರ ಕಡಲಲ್ಲಿದ್ದೇನೆ, ಎತ್ತು ಅಂದ್ಲಂತೆ, ಎತ್ತಿದ ಮೇಲೆಯೇ ಒಡ್ಡು ನಿಂತದ್ದಂತೆ. ಉಚ್ಚಿಲದ ಮಹಾಲಕ್ಷ್ಮಿಗೆ ಕೈಮುಗಿದು ಬೆಳೆದವರಿಗೆ ಇಲ್ಲಿಯೂ ಅವಳು ಮೀನುಗಾರರ ನೀರಿಂದಲೇ ಎದ್ದು ಬಂದ್ಲು ಅಂದ್ರೆ ವಿಶೇಷ ಅನ್ನಿಸುದಿಲ್ಲ, ಹೌದಲ್ಲ, ಮತ್ತೆಲ್ಲಿಂದ ಬರ್ಬೇಕು ಅನ್ನಿಸ್ತದೆ.

ಮೆರವಣಿಗೆ ಹೊರಟಾಗ ನಾಲ್ಕು ಗಂಟೆ ಆಗಿರ್ಬಹುದು. ಬ್ಯಾಂಡು, ಒಂಬತ್ತು ಗಜದ ಸೀರೆ, ತಲೆ ತುಂಬ ಅಬ್ಬಲಿಗೆ, ಕತ್ತಲ್ಲಿ ಅಷ್ಟೂ ಬಂಗಾರ, ನಡುವೆ ಪಲ್ಲಕ್ಕಿಯಲ್ಲಿ ಬಂಗಾರದ ಬಣ್ಣದ ಕಾಯಿ. ಡಿಜೆ ಸದ್ದಿಗೆ ಮಾತ್ರ ಎದೆ ಗುದ್ದಿದ ಹಾಗಾಯ್ತು, ದೇವರಿಗೆ ಕಿವಿ ಕೇಳುದಿಲ್ಲ ಅಂತ ಯಾರು ಹೇಳಿದ್ದೋ. ನಾನು ಜನರ ಹಿಂದೆ ಹಿಂದೆ ಬಂದರಿಗೆ ಬಂದೆ. ಬೋಟುಗಳಿಗೆಲ್ಲ ಹೊಸ ಪೇಂಟು, ಮೂತಿಗೆ ಹೂಮಾಲೆ, ಹಗ್ಗಕ್ಕೆ ಬಾವುಟ. ಎದುರಿಗೆ ಕಡಲ ಮೇಲಿನ ಸೇತುವೆ ಸೀ ಲಿಂಕ್, ಅದರ ಜೊತೆ ಕೋಸ್ಟಲ್ ರೋಡಿನ ಕಂಬಗಳು.

ಅಲ್ಲಿ ಕಟ್ಟೆ ಮೇಲೆ ಒಬ್ಬರು ಮಾವ್ಶಿ ಕೂತಿದ್ರು, ಎಪ್ಪತ್ತು ದಾಟಿರ್ಬೇಕು, ಪಕ್ಕದಲ್ಲಿ ಜಾಗ ಮಾಡಿ ಕೂರು ಅಂದ್ರು. ನನ್ನ ಮರಾಠಿಗೆ ಉಡುಪಿಯ ರಾಗ ಉಂಟು, ಎಲ್ಲಿಯವಳು ಅಂತ ಕೇಳಿದ್ರು, ಮಲ್ಪೆ ಅಂದದ್ದೇ ತಡ, "ಓ, ಮಲ್ಪೆಯ ಬೋಟು!" ಅಂತ ನೆಂಟರ ಹಾಗೆ ನೋಡಿದ್ರು. ಬೋಟು ನಡೆಸುವವನಿಗೆ ಅವರೂ ತಾಂಡೇಲ ಅನ್ನುದು, ನಾವೂ ತಾಂಡೇಲ ಅನ್ನುದು. ಆ ಕಂಬಗಳ ಕಡೆ ಕೈ ಮಾಡಿ ಹೇಳಿದ್ರು, ಮೊದ್ಲು ಎರಡು ಕಂಬಕ್ಕೆ 60 ಮೀಟರ್ ಅಂತರ ಇಟ್ಟಿದ್ರಂತೆ, ಗಾಳಿ ಎದ್ದ ದಿನ ದೋಣಿ ಹೇಗೆ ಹಾಯುದು ಅಂತ ಇಲ್ಲಿಯವರು ಹಠ ಹಿಡಿದು ಕೂತು 120 ಮೀಟರ್ ಮಾಡಿಸಿಕೊಂಡದ್ದು. ಸರ್ಕಾರದ ಬಂದ್ ಜೂನ್ 1ರಿಂದ ಜುಲೈ 31, ಪಶ್ಚಿಮ ಕರಾವಳಿಗೆ 61 ದಿನ, ಅದು ನಮ್ಮಲ್ಲೂ ಅದೇ. ಆದ್ರೆ ಮಾವ್ಶಿ ಹೇಳುದು, ಕಾಗದದಲ್ಲಿ ಬಂದ್ ಮುಗಿದ್ರೆ ಎಂತ, ಕಾಯಿ ಕೊಡದೆ ನಮ್ಮ ಮನೆಯ ಬೋಟು ನೀರಿಗಿಳಿದದ್ದಿಲ್ಲ. ಅವಳು ಮೊಟ್ಟೆ ಇಡುವ ಸಮಯ, ಬಾಗಿಲು ಹಾಕಿರ್ತಾಳೆ, ಬಾಗಿಲು ಬಡಿದು ಒಳಗೆ ಹೋಗ್ಬೇಕಲ್ವಾ ಅಂತ. ಕಡಲನ್ನು ಬಾಣಂತಿ ಮಾಡಿಬಿಟ್ರು ಒಂದೇ ಮಾತಲ್ಲಿ.

ನಾನು ಅಮ್ಮನ ಹರಕೆ ವಿಷಯ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು, ಯಾಕೆ ಅಂತ ಗೊತ್ತಿಲ್ಲ, ನಾನು ಅಳುವವಳಲ್ಲ. ಮಾವ್ಶಿ ಏನೂ ಹೇಳದೆ ತಮ್ಮ ಮಡಿಲಲ್ಲಿದ್ದ ಕಾಯಿ ಎತ್ತಿಕೊಂಡ್ರು, ಮೊಮ್ಮಗ ಅದಕ್ಕೆ ಬಂಗಾರದ ಪೇಪರ್ ಸುತ್ತಿಕೊಟ್ಟಿದ್ದ. ಉಗುರಲ್ಲಿ ಒಂದು ತುದಿ ಎಬ್ಬಿಸಿ ನಿಧಾನಕ್ಕೆ ಇಡೀ ಪೇಪರ್ ಬಿಡಿಸಿದ್ರು, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದ್ರು. ಅವಳಿಗೆ ಇದೆಲ್ಲ ಯಾಕೆ, ಗಂಟಲಿಗೆ ಸಿಕ್ತದೆ ಅಂದ್ರು. "ಬಾ, ಒಟ್ಟಿಗೆ ಬಿಡುವ."

ಆಗ ನಂಗೆ ಮಧ್ವಾಚಾರ್ಯರ ಹಡಗು ನೆನಪಾಯ್ತು. ಮಲ್ಪೆಯ ಮಕ್ಕಳಿಗೆ ಮೊದ್ಲು ಹೇಳುವ ಕಥೆಯೇ ಅದು, ದ್ವಾರಕೆಯಿಂದ ಬರ್ತಿದ್ದ ಹಡಗು ಮಲ್ಪೆಯ ವಡಭಾಂಡೇಶ್ವರದ ಎದುರು ತೂಫಾನಿಗೆ ಸಿಕ್ಕಿದ್ದು, ದಡದಲ್ಲಿ ಕೂತಿದ್ದ ಆಚಾರ್ಯರು ಮೇಲುವಸ್ತ್ರ ಬೀಸಿ ಅದನ್ನು ದಡ ಸೇರಿಸಿದ್ದು, ಹಡಗಿನವ ಏನು ಬೇಕೋ ತಗೊಳ್ಳಿ ಅಂದ್ರೆ ಗೋಪಿಚಂದನದ ಗಡ್ಡೆ ಮಾತ್ರ ಕೇಳಿದ್ದು, ಅದರೊಳಗೆ ಕೃಷ್ಣ. ಆದ್ರೆ ಆ ಹಡಗು ಬಂದ ದಾರಿ ಯಾವುದು ಅಂತ ಇಷ್ಟು ವರ್ಷದಲ್ಲಿ ನಾನು ಯೋಚನೆಯೇ ಮಾಡಿರ್ಲಿಲ್ಲ. ದ್ವಾರಕೆಯಿಂದ ಮಲ್ಪೆಗೆ ಬರ್ಬೇಕಾದ್ರೆ ಈ ನೀರು ದಾಟದೆ ಬರ್ಲಿಕ್ಕಾಗ್ತದಾ? ಉಡುಪಿ ಕೃಷ್ಣನೂ ಮುಂಬೈ ದಾಟಿಯೇ ಊರಿಗೆ ಹೋದವ, ಮಾಲ್ವಣವನ್ನೂ ದಾಟಿ. ನಾವು ಉಡುಪಿಯವರು ಹೋಟೆಲ್ ಇಡ್ಲಿಕ್ಕೆ ಉಲ್ಟಾ ಬಂದವರು, ಅಷ್ಟೇ ವ್ಯತ್ಯಾಸ.

ಮೆಟ್ಟಿಲಲ್ಲಿ ಪಾಚಿ ಇತ್ತು, ಮಾವ್ಶಿಯೇ ನನ್ನ ಕೈ ಹಿಡಿದದ್ದು. ಹುಣ್ಣಿಮೆಗೆ ಮಧ್ಯಾಹ್ನ ಭರತ, ಸಂಜೆಗೆ ಇಳಿತ, ನೀರು ಆಗ್ಲೇ ಹಿಂದೆ ಹೋಗ್ಲಿಕ್ಕೆ ಶುರುವಾಗಿತ್ತು. ಊರಿನ ದೊಡ್ಡ ಕಾಯಿ ಬೋಟಲ್ಲಿ ಹೋಗಿ ಆಗಿತ್ತು, ಈಗ ಮನೆಮನೆಯವರದ್ದು. ನಾನು ಕುಂಕುಮ ಹಚ್ಚಿದೆ, ಎಂತ ಹೇಳ್ಬೇಕು ಗೊತ್ತಾಗ್ಲಿಲ್ಲ. ನಮ್ಮಲ್ಲಿ ಕಡಲಿಗೆ ಹೊರಡುವಾಗ ಯಾರೂ ಹೋಗ್ತೇನೆ ಅನ್ನುದಿಲ್ಲ, ತುಳುವಲ್ಲಿ ಪೋದು ಬರ್ಪೆ, ಹೋಗಿ ಬರ್ತೇನೆ ಅನ್ನುದು. ಅದನ್ನೇ ಹೇಳಿದೆ, ಪೋದು ಬಲ, ಹೋಗಿ ಬಾ ಅಂತ, ಕಾಯಿಗೆ ಹೇಳಿದ್ದೋ ಆ ಏಳು ಜನಕ್ಕೆ ಹೇಳಿದ್ದೋ ಕಡಲಿಗೇ ಗೊತ್ತು. ಎಸೆಯಬೇಡ, ಇಡು ಅಂದ್ರು ಮಾವ್ಶಿ. ಇಟ್ಟೆ.

ಸ್ವಲ್ಪ ಆಚೆ ಹುಡುಗರು ಈಜಿ ಈಜಿ ಕಾಯಿ ಹೆಕ್ಕುತ್ತಿದ್ರು, ಅದು ಎಲ್ಲಾ ಕಡೆ ಇರುದೇ, ತಪ್ಪು ಅಂತ ನಾನೇನೂ ಹೇಳುದಿಲ್ಲ. ಒಬ್ಬ ನಮ್ಮ ಕಾಯಿ ಕಡೆಗೆ ಬಂದ. "ಏ, ತೋ ನಕೋ!" (ಅದು ಬೇಡ) ಅಂತ ಮಾವ್ಶಿ ಒಂದು ಕೂಗು ಹಾಕಿದ್ರು ನೋಡಿ, ಡಿಜೆ ಸದ್ದೂ ಅಡಗುವ ಹಾಗೆ. ಹುಡುಗ ನೀರಲ್ಲೇ ಕೈಮುಗಿದು ವಾಪಸ್ ಹೋದ. ಕಾಯಿ ಬೋಟುಗಳ ನಡುವೆ ಒಂದೆರಡು ಸಲ ಮುಟ್ಟಿ, ತಿರುಗಿ, ಜುಟ್ಟು ಮೇಲೆ ಮಾಡಿಕೊಂಡು ಹೊರಗೆ ಹೋಯ್ತು, ಕಣ್ಣಿಗೆ ಕಾಣುವಷ್ಟು ಹೊತ್ತು ನೋಡಿದೆ.

ಮಾವ್ಶಿ ಮನೆಗೆ ಕರ್ಕೊಂಡು ಹೋಗಿ ನಾರಳಿ ಭಾತ್ ಹಾಕಿಕೊಟ್ರು, ಡಬ್ಬಿಗೂ ಕಟ್ಟಿಕೊಟ್ರು. ಟ್ಯಾಕ್ಸಿಗೆ ಕಾಯುವಾಗ ಅಮ್ಮನಿಗೆ ಫೋನ್ ಮಾಡಿದೆ. ಅವರೂ ಆಗಷ್ಟೇ ಸಮುದ್ರ ಪೂಜೆ ಮುಗಿಸಿ ವಡಭಾಂಡೇಶ್ವರದಿಂದ ಮನೆಗೆ ಬಂದಿದ್ರು, ಕಾಲು ನೋವು ಅಂದ್ರು, ಮಳೆ ಉಂಟಾ ಅಲ್ಲಿ ಅಂತ ಕೇಳಿದ್ರು. ಕಾಯಿ ಕೊಟ್ಟೆ ಅಮ್ಮ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಯಾವ ಬದಿಗೆ ಹೋಯ್ತು ಅಂತ ಕೇಳಿದ್ರು.

ಹಿಂದಿನ ಯಾವ ವರ್ಷವೂ ಅಮ್ಮ ಅದನ್ನು ಕೇಳಿರ್ಲಿಲ್ಲ.